200ಕ್ಕೆ 100 ಕೂಡಿಸಿದರೆ 44 ಯಾಕೆ ಬರುತ್ತದೆ?

ಪ್ರಶ್ನೆ: ನಾನು ಡೊಂಬಿವಲಿಯವನು. ಏಳನೇ ತರಗತಿವರೆಗೆ ಇಲ್ಲೇ ಮುಂಬೈಯ ಕನ್ನಡ ಶಾಲೆಯಲ್ಲಿ ಓದಿದೆ. ಈಗ ಕಂಪ್ಯೂಟರ್ ಇಂಜಿನಿಯರಿಂಗ್ ಎರಡನೇ ವರ್ಷ. ಆರ್ಗನೈಸೇಶನ್, ಆರ್ಕಿಟೆಕ್ಚರ್, ಅಸೆಂಬ್ಲಿ ಮೂರೂ ತಲೆಗೆ ಹತ್ತುತ್ತಿಲ್ಲ. ಲ್ಯಾಬ್‌ನಲ್ಲಿ 8086 ಪ್ರೊಸೆಸರ್‌ನ ಎಎಲ್ ರಿಜಿಸ್ಟರ್‌ನಲ್ಲಿ 200ಕ್ಕೆ 100 ಕೂಡಿಸಿದೆ, 44 ಬಂತು. ಸರ್ ‘ಓವರ್‌ಫ್ಲೋ’ ಅಂದರು. ಗೆಳೆಯ ‘ಕ್ಯಾರಿ’ ಅಂದ. ಮನೆಯಲ್ಲಿ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ 32 ಬಿಟ್ ರಿಜಿಸ್ಟರ್ ಇಟ್ಟುಕೊಂಡು ಬರೆದೆ, ಉತ್ತರವನ್ನು ಎಕ್ಸಿಟ್ ಕೋಡ್ ಆಗಿ ಕಳಿಸಿ ನೋಡಿದೆ. ಆಗಲೂ 44! ಎಲ್ಲವನ್ನೂ ಉರು ಹೊಡೆಯುತ್ತಿದ್ದೇನೆ ಅನಿಸುತ್ತದೆ. ಸರಿಯಾಗಿ ಕಲಿಯುವುದು ಹೇಗೆ? ಕಲಿತು ಈಗ ಉಪಯೋಗವಾದರೂ ಇದೆಯಾ?

ಉತ್ತರ: ನಿಮಗೆ ಎರಡು ಸಲ 44 ಬಂದದ್ದು ಒಳ್ಳೆಯದೇ ಆಯಿತು. ಎರಡೂ ಬೇರೆ ಬೇರೆ 44. ಮೊದಲನೆಯದನ್ನು ಕೊಟ್ಟದ್ದು ಪ್ರೊಸೆಸರ್. ಎರಡನೆಯದನ್ನು ಕೊಟ್ಟದ್ದು ಆಪರೇಟಿಂಗ್ ಸಿಸ್ಟಮ್. ಈ ಎರಡನ್ನು ಬಿಡಿಸಿ ನೋಡಲು ಕಲಿತರೆ ನಿಮ್ಮ ಮೂರು ವಿಷಯಗಳ ಬಾಗಿಲೂ ತೆರೆಯುತ್ತದೆ. ಹಾಗಾಗಿ ಪುಸ್ತಕದ ಮೊದಲ ಅಧ್ಯಾಯದಿಂದ ಶುರು ಮಾಡುವುದು ಬೇಡ. ಈ 44ರಿಂದಲೇ ಶುರು ಮಾಡೋಣ.

ಪ್ರೊಸೆಸರ್‌ಗೆ ನೇರವಾಗಿ ಹೇಳುವ ಭಾಷೆ ಅಸೆಂಬ್ಲಿ. ಅದರಲ್ಲಿ ಬರೆದ ನಿಮ್ಮ ಲ್ಯಾಬ್ ಪ್ರೋಗ್ರಾಂನ ಜೀವಾಳ ಎರಡೇ ಸಾಲು. ಉಚ್ಚಾರದಂತೆ ಕನ್ನಡದಲ್ಲಿ ಬರೆಯುತ್ತೇನೆ, ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲಿ ಮಾಡಿಕೊಳ್ಳಿ.

ಮೂವ್ ಎಎಲ್, 200
ಆಡ್ ಎಎಲ್, 100

ಎಎಲ್ ಒಂದು ರಿಜಿಸ್ಟರ್, ಅಂದರೆ ಪ್ರೊಸೆಸರ್ ಒಳಗೆ ಸಂಖ್ಯೆ ಇಡುವ ಪುಟ್ಟ ಡಬ್ಬಿ. ಅದರಲ್ಲಿ ಇರುವುದು ಎಂಟು ಬಿಟ್, ಅಂದರೆ ಎಂಟು 0 ಅಥವಾ 1, ಒಟ್ಟು ಒಂದು ಬೈಟ್. ಹಿಡಿಸುವುದು 0ಯಿಂದ 255. ಮುನ್ನೂರು ಹಿಡಿಸುವುದಿಲ್ಲ. 300ರಲ್ಲಿ 256 ಕಳೆದರೆ ಉಳಿಯುವುದು 44. ಹಾಗಾದರೆ ಆ 256 ಎಲ್ಲಿ ಹೋಯಿತು? ಕನ್ನಡ ಶಾಲೆಯಲ್ಲಿ ಕೂಡಿಸುವ ಲೆಕ್ಕ ಹೇಗೆ ಮಾಡುತ್ತಿದ್ದಿರಿ, ನೆನಪಿಸಿಕೊಳ್ಳಿ. ‘ಎಂಟು ಐದು ಹದಿಮೂರು, ಮೂರು ಬರೆದೆ, ಕೈಯಲ್ಲಿ ಒಂದು.’ ಆ ‘ಕೈಯಲ್ಲಿ ಒಂದು’ ಇದೆಯಲ್ಲ, ಅದೇ ಕ್ಯಾರಿ ಫ್ಲ್ಯಾಗ್. ಫ್ಲ್ಯಾಗ್ ಅಂದರೆ ಲೆಕ್ಕದಲ್ಲಿ ಏನಾಯಿತು ಅಂತ ಪ್ರೊಸೆಸರ್ ಗುರುತಿಡುವ ಒಂದು ಬಿಟ್. ಪ್ರೊಸೆಸರ್ 44 ಬರೆಯಿತು, ಕೈಯಲ್ಲಿ ಒಂದು ಇಟ್ಟುಕೊಂಡಿತು. ನೀವು ಅದರ ಕೈ ನೋಡಲಿಲ್ಲ, ಅಷ್ಟೇ. ಮುಂದಿನ ಬೈಟ್ ಕೂಡಿಸುವಾಗ ಎಡಿಸಿ ಅನ್ನುವ ಇನ್‌ಸ್ಟ್ರಕ್ಷನ್ ಬಳಸಿದರೆ ಆ ಒಂದು ತಾನಾಗಿ ಸೇರಿಕೊಳ್ಳುತ್ತದೆ. ಎಂಟು ಬಿಟ್‌ನ ಪ್ರೊಸೆಸರ್‌ಗಳಲ್ಲಿ ದೊಡ್ಡ ದೊಡ್ಡ ಸಂಖ್ಯೆ ಕೂಡಿಸುವುದು ಹೀಗೆಯೇ, ಒಂದೊಂದೇ ಬೈಟ್, ಕೈಯಲ್ಲಿ ಒಂದು ಇಟ್ಟುಕೊಂಡು.

ಹಾಗಾದರೆ ಓವರ್‌ಫ್ಲೋ? ಇಲ್ಲಿ ಗೆಳೆಯ ಹೇಳಿದ್ದು ಸರಿ. ಸರ್ ಹೇಳಿದ್ದನ್ನು ಮಾತಿನ ಲೆಕ್ಕದಲ್ಲಿ ತಪ್ಪು ಅನ್ನುವಂತಿಲ್ಲ, ಉಕ್ಕಿ ಹರಿದದ್ದು ನಿಜ. ಆದರೆ ಚಿಪ್‌ನಲ್ಲಿ ಓವರ್‌ಫ್ಲೋ ಅನ್ನುವ ಬೇರೆಯೇ ಫ್ಲ್ಯಾಗ್ ಇದೆ. ಈ ಲೆಕ್ಕದಲ್ಲಿ ಅದು ಸೊನ್ನೆ.

ಇದನ್ನು ನನಗೆ ಅರ್ಥ ಮಾಡಿಸಿದ್ದು ಮುಂಬೈಯ ಹಳೆಯ ಕಾಳಿ ಪೀಲಿ ಟ್ಯಾಕ್ಸಿ. ಕಾರಿನ ಹೊರಗೆ ಮೀಟರ್ ತಿರುಗುತ್ತಿತ್ತು. ಅದರಲ್ಲಿ ಕಾಣುವ ಅಂಕಿ ನೀವು ಕೊಡಬೇಕಾದ ದುಡ್ಡಲ್ಲ. ಡ್ರೈವರ್ ಟಾರಿಫ್ ಕಾರ್ಡ್ ತೆಗೆದು, ಈ ಅಂಕಿಗೆ ಇಷ್ಟು ರೂಪಾಯಿ ಅಂತ ಬೆರಳಿಟ್ಟು ತೋರಿಸುತ್ತಿದ್ದ. ರಾತ್ರಿಯಾದರೆ ಅದೇ ಅಂಕಿಗೆ ಬೇರೆ ದುಡ್ಡು. ಮೀಟರ್‌ಗೆ ಹಗಲು ರಾತ್ರಿ ಗೊತ್ತಿಲ್ಲ. ಗೊತ್ತಿರುವುದು ಕಾರ್ಡ್ ಹಿಡಿದವನಿಗೆ.

ಎಎಲ್ ಕೂಡ ಅಂಥ ಮೀಟರ್. ಅದರಲ್ಲಿರುವ ಎಂಟು ಬಿಟ್‌ಗಳನ್ನು ನೀವು ‘ಚಿಹ್ನೆ ಇಲ್ಲದ ಸಂಖ್ಯೆ’ ಅನ್ನುವ ಕಾರ್ಡ್ ಹಿಡಿದು ಓದಿದರೆ 200. ‘ಚಿಹ್ನೆ ಇರುವ ಸಂಖ್ಯೆ’ ಅನ್ನುವ ಕಾರ್ಡ್ ಹಿಡಿದರೆ ಅದೇ ಬಿಟ್‌ಗಳು ಮೈನಸ್ 56. ಈಗ ಎರಡನೇ ಕಾರ್ಡ್‌ನಲ್ಲಿ ಲೆಕ್ಕ ಮಾಡಿ. ಮೈನಸ್ 56ಕ್ಕೆ 100 ಕೂಡಿಸಿದರೆ 44. ಪೂರ್ತಿ ಸರಿ! ಅದಕ್ಕೇ ಓವರ್‌ಫ್ಲೋ ಏಳಲಿಲ್ಲ. ಮೊದಲ ಕಾರ್ಡ್‌ನವನಿಗೆ ‘ಉತ್ತರ ಹಿಡಿಸಲಿಲ್ಲ’ ಅಂತ ಹೇಳುವುದು ಕ್ಯಾರಿ. ಎರಡನೇ ಕಾರ್ಡ್‌ನವನಿಗೆ ಅದನ್ನೇ ಹೇಳುವುದು ಓವರ್‌ಫ್ಲೋ. ನಿಮ್ಮ ಕೈಯಲ್ಲಿ ಯಾವ ಕಾರ್ಡ್ ಇದೆ ಅಂತ ಪ್ರೊಸೆಸರ್‌ಗೆ ಗೊತ್ತಿಲ್ಲ. ಹಾಗಾಗಿ ಎರಡೂ ಲೆಕ್ಕ ಇಟ್ಟು ಸುಮ್ಮನಾಗುತ್ತದೆ.

ಈಗ 100ಕ್ಕೆ 50 ಕೂಡಿಸಿ. ಮೊದಲ ಕಾರ್ಡ್‌ನಲ್ಲಿ 150, ಸರಿ, ಕ್ಯಾರಿ ಇಲ್ಲ. ಎರಡನೇ ಕಾರ್ಡ್‌ನಲ್ಲಿ ಮೈನಸ್ 106. ಎರಡು ಪ್ಲಸ್ ಸಂಖ್ಯೆ ಕೂಡಿಸಿದರೆ ಮೈನಸ್ ಬರುವುದುಂಟೇ? ಓವರ್‌ಫ್ಲೋ ಎದ್ದಿತು. ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ಒಂದು ಸಲ ನೋಡಿದವರು ಮತ್ತೆ ಈ ಫ್ಲ್ಯಾಗ್‌ಗಳನ್ನು ಉರು ಹೊಡೆಯಬೇಕಾಗಿಲ್ಲ. ಪ್ರೋಗ್ರಾಂನ ಬೇರೆ ಸಾಲಿಗೆ ಹಾರುವ ಜಂಪ್‌ಗಳಲ್ಲಿ ‘ದೊಡ್ಡದಾದರೆ ಹಾರು’ ಅನ್ನುವುದಕ್ಕೆ ಜೆಎ ಬೇರೆ, ಜೆಜಿ ಬೇರೆ ಯಾಕಿದೆ ಅನ್ನುವುದೂ ಇಲ್ಲೇ ಗೊತ್ತಾಗುತ್ತದೆ. ಎಎಲ್‌ನಲ್ಲಿ 200 ಇದೆ, 100ರ ಜೊತೆ ಹೋಲಿಸಿ. ಜೆಎ ಹಾರುತ್ತದೆ, ಯಾಕೆಂದರೆ 200 ದೊಡ್ಡದು. ಜೆಜಿ ಹಾರುವುದಿಲ್ಲ, ಯಾಕೆಂದರೆ ಅದರ ಕಾರ್ಡ್‌ನಲ್ಲಿ ಅದು ಮೈನಸ್ 56.

ಇದು ಬರೀ ಪರೀಕ್ಷೆಯ ಮಾತಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಂಧೇರಿಯ ಒಂದು ಸಣ್ಣ ಕಂಪನಿಯಲ್ಲಿ ಪೊಟ್ಟಣ ಎಣಿಸುವ ಯಂತ್ರಕ್ಕೆ ಕೋಡ್ ಬರೆದಿದ್ದೆ. ಎಣಿಕೆಗೆ ಒಂದೇ ಬೈಟ್ ಇಟ್ಟಿದ್ದೆ. ಟೆಸ್ಟ್ ಮಾಡುವಾಗ ನೂರು ಪೊಟ್ಟಣ ಹಾಕಿ ನೋಡಿ ಸರಿ ಇದೆ ಅಂದುಕೊಂಡೆ. ಗೋದಾಮಿನಲ್ಲಿ 255 ಆದ ಮೇಲೆ ಅದು ಸೊನ್ನೆಗೆ ಬಂದು ಕೂತಿತು. ತಪ್ಪು ನನ್ನದೇ. ಬೈಸಿಕೊಂಡದ್ದು ಪಾಪ ಅಲ್ಲಿನ ಲೆಕ್ಕದ ಹುಡುಗ.

ಈಗ ಮನೆಯ 44ಕ್ಕೆ ಬರೋಣ. ನೀವು ಇಡಿಐ ರಿಜಿಸ್ಟರ್‌ನಲ್ಲಿ 200 ಹಾಕಿ, 100 ಕೂಡಿಸಿ, ಇಎಎಕ್ಸ್‌ನಲ್ಲಿ 60 ಇಟ್ಟು ಸಿಸ್‌ಕಾಲ್ ಮಾಡಿರಬೇಕು, ಅಂದರೆ ಮುಂದಿನ ಕೆಲಸವನ್ನು ಆಪರೇಟಿಂಗ್ ಸಿಸ್ಟಮ್‌ಗೆ ಒಪ್ಪಿಸಿರಬೇಕು. 64 ಬಿಟ್ ಲಿನಕ್ಸ್‌ನಲ್ಲಿ 60 ಅಂದರೆ ಎಕ್ಸಿಟ್, ಪ್ರೋಗ್ರಾಂ ಮುಗಿಸು ಅಂತ. ಇಡಿಐನಲ್ಲಿ 32 ಬಿಟ್ ಜಾಗ ಇದೆ, ಮುನ್ನೂರು ಆರಾಮಾಗಿ ಕೂರುತ್ತದೆ. ಆದರೆ ಪ್ರೋಗ್ರಾಂ ಸಾಯುವಾಗ ಬಿಟ್ಟು ಹೋಗುವ ಎಕ್ಸಿಟ್ ಕೋಡ್‌ನಲ್ಲಿ ನೀವು ಕಮಾಂಡ್ ಟೈಪ್ ಮಾಡುವ ಶೆಲ್‌ಗೆ ತಲುಪುವುದು ಕೊನೆಯ ಎಂಟು ಬಿಟ್ ಮಾತ್ರ. ಉಳಿದದ್ದನ್ನು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಕತ್ತರಿಸುತ್ತದೆ. ಹಾಗಾಗಿ ಅದೇ 44. ಇಲ್ಲಿ ಕ್ಯಾರಿಯೂ ಇಲ್ಲ, ಓವರ್‌ಫ್ಲೋವೂ ಇಲ್ಲ.

ಇದನ್ನು ನಾನು ಹೇಳಿದೆ ಅಂತ ನಂಬಬೇಡಿ. ಕಣ್ಣಾರೆ ನೋಡಬಹುದು. ಜಿಡಿಬಿ ಡೀಬಗರ್‌ನಲ್ಲಿ ಪ್ರೋಗ್ರಾಂ ತೆರೆಯಿರಿ. ಶುರುವಿನಲ್ಲೇ ನಿಲ್ಲಿಸಿ. ಸ್ಟೆಪ್‌ಐ ಅಂತ ಕೊಟ್ಟರೆ ಒಂದೇ ಒಂದು ಇನ್‌ಸ್ಟ್ರಕ್ಷನ್ ನಡೆದು ನಿಲ್ಲುತ್ತದೆ. ಆಮೇಲೆ ಇನ್ಫೋ ರಿಜಿಸ್ಟರ್ಸ್ ಅಂತ ಕೇಳಿ. ಇಡಿಐ ಪ್ರೋಗ್ರಾಂನಲ್ಲಿ ಕೂಡಿಸಿದ ಮೇಲೆ 300 ನಿಚ್ಚಳವಾಗಿ ಕಾಣುತ್ತದೆ. ಎಎಲ್ ಪ್ರೋಗ್ರಾಂನಲ್ಲಿ 44 ಕಾಣುತ್ತದೆ, ಫ್ಲ್ಯಾಗ್‌ಗಳ ಸಾಲಿನಲ್ಲಿ ಸಿಎಫ್ (ಕ್ಯಾರಿ ಫ್ಲ್ಯಾಗ್) ಮತ್ತು ಐಎಫ್ ಎರಡೇ ಇರುತ್ತವೆ. ಐಎಫ್ ಇಂಟರಪ್ಟ್‌ಗೆ ಸೇರಿದ್ದು, ಯಾವಾಗಲೂ ಇರುತ್ತದೆ, ಅದರ ಪಾಡಿಗೆ ಬಿಡಿ. ಇನ್ನೊಂದು ತಮಾಷೆ ಇದೆ. ಪ್ರೋಗ್ರಾಂ ಮುಗಿದಾಗ ಜಿಡಿಬಿ ಎಕ್ಸಿಟ್ ಕೋಡ್ 054 ಅಂತ ತೋರಿಸಿ ನಿಮ್ಮನ್ನು ಇನ್ನಷ್ಟು ಕಂಗಾಲು ಮಾಡುತ್ತದೆ. ಗಾಬರಿ ಬೇಡ, ಅದು ಆಕ್ಟಲ್, ಎಂಟರ ಲೆಕ್ಕದಲ್ಲಿ ಬರೆದ ಸಂಖ್ಯೆ. ಐದು ಎಂಟಲಿ ನಲವತ್ತು, ಮೇಲೆ ನಾಲ್ಕು. ಅದೇ 44.

ನಾನು ಕೊಡುವ ಸಲಹೆ ನಿಜಕ್ಕೂ ಒಂದೇ. ಸ್ಟೆಪ್‌ಐ ಒತ್ತುವ ಮೊದಲು ಪೆನ್ ಹಿಡಿದು ಬರೆಯಿರಿ. ಮುಂದಿನ ಸಾಲು ನಡೆದ ಮೇಲೆ ಯಾವ ರಿಜಿಸ್ಟರ್‌ನಲ್ಲಿ ಏನಿರುತ್ತದೆ, ಯಾವ ಫ್ಲ್ಯಾಗ್ ಏಳುತ್ತದೆ ಅಂತ. ಆಮೇಲೆ ಒತ್ತಿ. ತಾಳೆಯಾಗದ ಕಡೆ ನಿಲ್ಲಿ. ಅಲ್ಲಿ ನಿಲ್ಲದೆ ಮುಂದೆ ಓಡಿದರೆ ಡೀಬಗರ್ ಕೂಡ ಟಿವಿ ನೋಡಿದ ಹಾಗೆ ಆಗುತ್ತದೆ. ಲೋಕಲ್ ರೈಲಿನಲ್ಲಿ ಸೀಟು ಸಿಕ್ಕಿದ ದಿನ ಕಾಗದದ ಮೇಲೆ ಹತ್ತು ಸಾಲು ನಡೆಸಿ ನೋಡಿ. ಡೊಂಬಿವಲಿಯಿಂದ ಬೆಳಿಗ್ಗೆ ಸೀಟು ಸಿಗುವ ಮಾತು ಬೇರೆ ಬಿಡಿ.

ಇನ್ನು ಆರ್ಗನೈಸೇಶನ್, ಆರ್ಕಿಟೆಕ್ಚರ್ ಗೊಂದಲ. ಪುಸ್ತಕದ ವ್ಯಾಖ್ಯಾನಗಳನ್ನು ಪಕ್ಕಕ್ಕಿಡಿ. ನಿಮ್ಮ ಎರಡು ಸಾಲು ಅಸೆಂಬಲ್ ಆದಾಗ, ಅಂದರೆ ಯಂತ್ರಕ್ಕೆ ತಿಳಿಯುವ ಸಂಖ್ಯೆಗಳಾದಾಗ, ನಾಲ್ಕು ಬೈಟ್ ಆಗುತ್ತದೆ. ಆ ಬೈಟ್‌ಗಳನ್ನು ತೋರಿಸುವ ಆಬ್ಜ್‌ಡಂಪ್‌ನಲ್ಲಿ ನೋಡಿದರೆ ಹೀಗೆ ಕಾಣುತ್ತದೆ: ಬಿ0 ಸಿ8 04 64. ಬಿ0 ಅಂದರೆ ‘ಮುಂದಿನ ಬೈಟ್ ಅನ್ನು ಎಎಲ್‌ಗೆ ಹಾಕು’. ಸಿ8 ಅಂದರೆ ಹೆಕ್ಸ್‌ನಲ್ಲಿ, ಹದಿನಾರರ ಲೆಕ್ಕದಲ್ಲಿ, 200. 04 ಅಂದರೆ ‘ಮುಂದಿನ ಬೈಟ್ ಅನ್ನು ಎಎಲ್‌ಗೆ ಕೂಡಿಸು’. 64 ಅಂದರೆ 100. ಈಗ ಎಎಲ್ ಬದಲು ಸಿಎಲ್ ಹಾಕಿ ನೋಡಿ, ಬಿ0 ಹೋಗಿ ಬಿ1 ಆಗುತ್ತದೆ. ಡಿಎಲ್ ಹಾಕಿದರೆ ಬಿ2. ಬಿಎಲ್ ಹಾಕಿದರೆ ಬಿ3. ಎ, ಸಿ, ಡಿ, ಬಿ ಅನ್ನುವ ವಿಚಿತ್ರ ಕ್ರಮ. ಇನ್‌ಸ್ಟ್ರಕ್ಷನ್ ಫಾರ್ಮ್ಯಾಟ್ ಅನ್ನುವ ಒಣ ಅಧ್ಯಾಯ ಹೀಗೆ ಹತ್ತು ನಿಮಿಷದ ಆಟದಲ್ಲಿ ಕೈಗೆ ಬರುತ್ತದೆ.

ಈ ನಾಲ್ಕು ಬೈಟ್‌ಗಳನ್ನು 1978ರ ಇಂಟೆಲ್ 8086ಕ್ಕೆ ಕೊಟ್ಟರೂ 44 ಕೊಡುತ್ತದೆ, ಕ್ಯಾರಿ ಎತ್ತುತ್ತದೆ. ಇವತ್ತಿನ ನಿಮ್ಮ ಇಂಟೆಲ್ ಅಥವಾ ಎಎಂಡಿ ಲ್ಯಾಪ್‌ಟಾಪ್‌ಗೆ ಕೊಟ್ಟರೂ ಅದೇ. ಬದಲಾಗದೆ ಉಳಿದ ಈ ಕರಾರು, ಅಂದರೆ ಯಾವ ಬೈಟ್‌ಗೆ ಯಾವ ಕೆಲಸ, ಯಾವ ರಿಜಿಸ್ಟರ್, ಯಾವ ಫ್ಲ್ಯಾಗ್ ಅನ್ನುವುದು, ಆರ್ಕಿಟೆಕ್ಚರ್. ಆ ಕರಾರನ್ನು ಒಳಗೆ ಹೇಗೆ ನಡೆಸಿಕೊಡುತ್ತಾರೆ ಅನ್ನುವುದು ಆರ್ಗನೈಸೇಶನ್. ಅದು ಗುರುತು ಸಿಗದಷ್ಟು ಬದಲಾಗಿದೆ. 8086ರಲ್ಲಿ ಇದ್ದದ್ದು ಸುಮಾರು 29,000 ಟ್ರಾನ್ಸಿಸ್ಟರ್. ಈಗಿನವುಗಳಲ್ಲಿ ನೂರಾರು ಕೋಟಿ. 5 ಮೆಗಾಹರ್ಟ್ಸ್‌ನ 8086ಗೆ ನಿಮ್ಮ ಆಡ್ ಸಾಲಿಗೆ 4 ಕ್ಲಾಕ್ (ಪ್ರೊಸೆಸರ್‌ನ ಮಿಡಿತ) ಬೇಕು, ಅಂದರೆ 800 ನ್ಯಾನೋಸೆಕೆಂಡ್. ಈಗಿನ ಪ್ರೊಸೆಸರ್ ಒಂದೇ ಕ್ಲಾಕ್‌ನಲ್ಲಿ ಇಂಥವನ್ನು ಹಲವು ಮಾಡುತ್ತದೆ, ಅದರ ಕ್ಲಾಕ್ ಒಂದು ನ್ಯಾನೋಸೆಕೆಂಡ್‌ಗಿಂತ ಚಿಕ್ಕದು. ಎಎಲ್ ಅನ್ನುವುದು ಕೂಡ ಈಗ ಒಂದು ಗೊತ್ತಾದ ಡಬ್ಬಿಯಲ್ಲ. ಒಳಗೆ ನೂರಕ್ಕೂ ಹೆಚ್ಚು ರಿಜಿಸ್ಟರ್ ಇರುತ್ತವೆ, ಆ ಕ್ಷಣಕ್ಕೆ ಖಾಲಿ ಇದ್ದ ಒಂದಕ್ಕೆ ಆ ಹೆಸರು ಅಂಟಿಸುತ್ತಾರೆ.

ನಿಮ್ಮ ಸಿಲಬಸ್‌ನ 8086 ಚಿತ್ರದಲ್ಲಿ ಬಿಐಯು, ಇಯು ಅಂತ ಎರಡು ಪೆಟ್ಟಿಗೆ, ನಡುವೆ ಆರು ಬೈಟ್‌ನ ಕ್ಯೂ ಇರುತ್ತದೆ. ಎಲ್ಲರೂ ಅದನ್ನು ಚಿತ್ರ ಬಿಡಿಸಿ ಮಾರ್ಕ್ಸ್ ತಗೊಂಡು ಮರೆಯುತ್ತಾರೆ. ಅಲ್ಲಿ ನಡೆಯುತ್ತಿರುವುದು ಇಷ್ಟೇ: ಇಯು ಒಂದು ಇನ್‌ಸ್ಟ್ರಕ್ಷನ್ ಮಾಡುತ್ತಿರುವಾಗ ಬಿಐಯು ಮುಂದಿನ ಬೈಟ್‌ಗಳನ್ನು ತಂದು ಸಾಲಾಗಿ ನಿಲ್ಲಿಸುತ್ತದೆ. ಒಂದರ ಕೆಲಸ ನಡೆಯುವಾಗಲೇ ಮುಂದಿನದನ್ನು ಶುರು ಮಾಡುವ ಪೈಪ್‌ಲೈನ್‌ನ ಮೊದಲ ಹೆಜ್ಜೆ ಅದೇ. ಜಂಪ್ ಬಂದರೆ ತಂದಿಟ್ಟದ್ದೆಲ್ಲ ದಂಡ, ಕ್ಯೂ ಖಾಲಿ ಮಾಡಿ ಹೊಸದಾಗಿ ತರಬೇಕು.

ಈಗಿನ ಪ್ರೊಸೆಸರ್‌ಗಳಿಗೆ ಆ ದಂಡ ತೀರಾ ಜಾಸ್ತಿ. ಅದಕ್ಕೆ ಅವು ಊಹೆ ಮಾಡುತ್ತವೆ. ಮಾಟುಂಗಾದ ಉಡುಪಿ ಹೋಟೆಲ್‌ಗೆ ದಿನಾ ಹೋಗುವವರಿಗೆ ಗೊತ್ತು. ನೀವು ಕೂರುವ ಮೊದಲೇ ಮಾಣಿ ಒಳಗೆ ಕೂಗಿ ಕಾಫಿಗೆ ಹೇಳಿರುತ್ತಾನೆ. ನೂರಕ್ಕೆ ತೊಂಬತ್ತೊಂಬತ್ತು ಸಲ ಅವನ ಊಹೆ ಸರಿ. ನಿಮಗೂ ಕಾಯುವುದು ತಪ್ಪಿತು. ಒಂದು ದಿನ ನೀವು ಕಷಾಯ ಕೇಳಿದರೆ ಆ ಕಾಫಿ ಚೆಲ್ಲಬೇಕು. ಬ್ರ್ಯಾಂಚ್ ಪ್ರಿಡಿಕ್ಷನ್ ಅಂದರೆ ಇದೇ. ಆದರೆ ಚೆಲ್ಲಿದ ಮೇಲೂ ಕಾಫಿಯ ವಾಸನೆ ಉಳಿದಿರುತ್ತದೆ ಅಲ್ವಾ? ಪಕ್ಕದ ಟೇಬಲ್‌ನವನು ಮೂಗಿನಿಂದಲೇ ಏನು ತಯಾರಾಗಿತ್ತು ಅಂತ ಹೇಳಬಲ್ಲ. 2018ರ ಜನವರಿಯಲ್ಲಿ ಹೊರಬಿದ್ದ ಸ್ಪೆಕ್ಟರ್ ಅನ್ನುವ ದೋಷ ಈ ಥರದ್ದು. ತಪ್ಪು ಊಹೆಯಲ್ಲಿ ಮಾಡಿದ ಕೆಲಸವನ್ನು ಪ್ರೊಸೆಸರ್ ಅಳಿಸಿತು, ಆದರೆ ಕ್ಯಾಶ್‌ನಲ್ಲಿ, ಅಂದರೆ ಪ್ರೊಸೆಸರ್ ಒಳಗಿನ ಪುಟ್ಟ ವೇಗದ ಮೆಮೊರಿಯಲ್ಲಿ, ಅದರ ಗುರುತು ಉಳಿಯಿತು. ಆ ಗುರುತಿನಿಂದ ಗುಟ್ಟು ಕದಿಯಬಹುದಿತ್ತು. ಆರ್ಕಿಟೆಕ್ಚರ್ ಕರಾರಿನ ಪ್ರಕಾರ ಏನೂ ತಪ್ಪಾಗಿರಲಿಲ್ಲ. ಸೋರಿದ್ದು ಆರ್ಗನೈಸೇಶನ್‌ನಲ್ಲಿ. ಎರಡು ಪದಗಳ ವ್ಯತ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕ್ಯಾಶ್ ಅಂದ ಮೇಲೆ, ಅದನ್ನೂ ಕೈಯಾರೆ ಮಾಡಿ ನೋಡಿ. ಸಿ ಭಾಷೆಯಲ್ಲಿ 4096 ಸಾಲು, 4096 ಕಾಲಂನ ಇಂಟ್ ಅರೇ ಇಡಿ. ಒಟ್ಟು 64 ಎಂಬಿ. ಒಮ್ಮೆ ಸಾಲು ಹಿಡಿದು ಎಲ್ಲ ಕೂಡಿಸಿ, ಒಮ್ಮೆ ಕಾಲಂ ಹಿಡಿದು ಕೂಡಿಸಿ. ಕೋಡ್ ಅನ್ನು ತಾನೇ ಚುರುಕು ಮಾಡುವ ಆಪ್ಟಿಮೈಸೇಶನ್ ಹಾಕದೆ ಕಂಪೈಲ್ ಮಾಡಿ, ಟೈಮ್ ನೋಡಿ. ಕೂಡುವ ಲೆಕ್ಕ ಎರಡರಲ್ಲೂ ಅಷ್ಟೇ, ಆದರೆ ಕಾಲಂ ಹಿಡಿದದ್ದು ಎದ್ದು ಕಾಣುವಷ್ಟು ನಿಧಾನ. ಮೆಮೊರಿಯಿಂದ ಒಂದು ಇಂಟ್ ಕೇಳಿದರೆ 64 ಬೈಟ್ ಒಟ್ಟಿಗೆ ಬರುತ್ತದೆ, ಅಂದರೆ ಹದಿನಾರು ಇಂಟ್. ಸಾಲು ಹಿಡಿದವನು ಹದಿನಾರನ್ನೂ ಬಳಸುತ್ತಾನೆ. ಕಾಲಂ ಹಿಡಿದವನು ಒಂದನ್ನು ಬಳಸಿ ಮುಂದಿನ ಸಾಲಿಗೆ ಹಾರುತ್ತಾನೆ. ಮತ್ತೆ ತಿರುಗಿ ಬರುವಷ್ಟರಲ್ಲಿ ಉಳಿದ ಹದಿನೈದು ಒಳಗಿನ ಪುಟ್ಟ ಕ್ಯಾಶ್‌ನಿಂದ ಹೊರಬಿದ್ದಿರುತ್ತವೆ.

8086ರ ಸೆಗ್ಮೆಂಟ್ ಬಗ್ಗೆ ನೀವು ಕೇಳಿಲ್ಲ, ಆದರೆ ಮುಂದಿನ ವಾರ ಅದೇ ಕಾಡುತ್ತದೆ, ಈಗಲೇ ಹೇಳಿಬಿಡುತ್ತೇನೆ. ವಿಳಾಸ ಹಿಡಿಯುವ ರಿಜಿಸ್ಟರ್ 16 ಬಿಟ್, ಅದು ಮುಟ್ಟುವುದು 65,536 ಬೈಟ್ ಮಾತ್ರ. ಮೆಮೊರಿ 10,48,576 ಬೈಟ್. ಹಾಗಾಗಿ ಎಲ್ಲಿಂದ ಎಣಿಸಬೇಕು ಅಂತ ಹೇಳುವ ಸೆಗ್ಮೆಂಟ್ ಅನ್ನು 16ರಿಂದ ಗುಣಿಸಿ, ಅಲ್ಲಿಂದ ಎಷ್ಟು ದೂರ ಅಂತ ಹೇಳುವ ಆಫ್‌ಸೆಟ್ ಕೂಡಿಸುತ್ತಾರೆ. ಹೆಕ್ಸ್‌ನಲ್ಲಿ ಸೆಗ್ಮೆಂಟ್ 1234, ಆಫ್‌ಸೆಟ್ 0010 ಅಂದರೆ ವಿಳಾಸ 12350. ಸೆಗ್ಮೆಂಟ್ 1235, ಆಫ್‌ಸೆಟ್ 0000 ಅಂದರೂ ಅದೇ 12350. ಹಳಿಯ ಪಕ್ಕದ ಒಂದು ಕಂಬವನ್ನು ‘ಸಯನ್ ದಾಟಿ ಇಷ್ಟು ದೂರ’ ಅಂದರೂ ಸರಿ, ‘ಕುರ್ಲಾ ದಾಟಿ ಇಷ್ಟು ದೂರ’ ಅಂದರೂ ಸರಿ. ಕಂಬ ಒಂದೇ. ಪರೀಕ್ಷೆಗೆ ಇಷ್ಟು ಸಾಕು. ಅದಕ್ಕಿಂತ ಜಾಸ್ತಿ ಪ್ರೀತಿ ಆ ಸೆಗ್ಮೆಂಟ್‌ಗಳ ಮೇಲೆ ಇಟ್ಟುಕೊಳ್ಳಬೇಡಿ.

ಇನ್ನೊಂದು ಕಡೆ ಎಲ್ಲರೂ ಜಾರುತ್ತಾರೆ. 8086ರ ಲೂಪ್ ಇನ್‌ಸ್ಟ್ರಕ್ಷನ್ ಮೊದಲು ಸಿಎಕ್ಸ್ ರಿಜಿಸ್ಟರ್‌ನಿಂದ ಒಂದು ಕಳೆಯುತ್ತದೆ, ಆಮೇಲೆ ಸೊನ್ನೆಯಾ ಅಂತ ನೋಡುತ್ತದೆ. ಸಿಎಕ್ಸ್‌ನಲ್ಲಿ ಸೊನ್ನೆ ಇಟ್ಟು ಲೂಪ್‌ಗೆ ಹೋದರೆ ಒಂದು ಸಲವೂ ನಡೆಯುವುದಿಲ್ಲ ಅಂದುಕೊಳ್ಳುತ್ತೀರಿ. ಸೊನ್ನೆಯಿಂದ ಒಂದು ಕಳೆದರೆ 16 ಬಿಟ್‌ನಲ್ಲಿ 65,535 ಆಗುತ್ತದೆ, ಹಾಗಾಗಿ ಅದು 65,536 ಸಲ ನಡೆಯುತ್ತದೆ.

ಯಾವ ಪ್ರೊಸೆಸರ್ ಕಲಿಯಬೇಕು ಅನ್ನುವುದಕ್ಕೆ ನನ್ನ ಅಭಿಪ್ರಾಯ: ಪರೀಕ್ಷೆಗೆ 8086, ಮನೆಯ ಲ್ಯಾಪ್‌ಟಾಪ್‌ನಲ್ಲಿ 64 ಬಿಟ್ ಎಕ್ಸ್86, ಮನಸ್ಸಿಗೆ ರಿಸ್ಕ್-ಫೈವ್. ಈ ಕೊನೆಯ ಆರ್ಕಿಟೆಕ್ಚರ್ 2010ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ಯಾರು ಬೇಕಾದರೂ ಪರವಾನಗಿ ದುಡ್ಡು ಕೊಡದೆ ಬಳಸಬಹುದು. ಐಐಟಿ ಮದ್ರಾಸ್‌ನ ಶಕ್ತಿ, ಸರ್ಕಾರಿ ಸಂಸ್ಥೆ ಸಿ-ಡ್ಯಾಕ್‌ನ ವೇಗಾ ಪ್ರೊಸೆಸರ್‌ಗಳು ಇದರ ಮೇಲೆ ಕಟ್ಟಿದ್ದು. ಮೂಲ ಇನ್‌ಸ್ಟ್ರಕ್ಷನ್‌ಗಳು ನಲವತ್ತರ ಆಸುಪಾಸು, ಒಂದು ಹಾಳೆಯಲ್ಲಿ ಬರೆದಿಡಬಹುದು. ಅದರಲ್ಲಿ ಫ್ಲ್ಯಾಗ್ ರಿಜಿಸ್ಟರೇ ಇಲ್ಲ! ಹಾಗಾದರೆ ಕ್ಯಾರಿ ಹೇಗೆ ಗೊತ್ತಾಗುತ್ತದೆ? ಕೂಡಿಸಿದ ಉತ್ತರ, ಕೂಡಿಸಿದ ಸಂಖ್ಯೆಗಿಂತ ಚಿಕ್ಕದಾಗಿದೆಯಾ ಅಂತ ಹೋಲಿಸುತ್ತಾರೆ. ನಮ್ಮ ಲೆಕ್ಕದಲ್ಲಿ 44, 200ಕ್ಕಿಂತ ಚಿಕ್ಕದು. ಅಂದರೆ ಉಕ್ಕಿದೆ. ಇದನ್ನು ನೋಡಿದ ದಿನ, ಫ್ಲ್ಯಾಗ್ ಅನ್ನುವುದು ಪ್ರಕೃತಿ ನಿಯಮವಲ್ಲ, ಒಬ್ಬ ಇಂಜಿನಿಯರ್ ಕೂತು ಮಾಡಿದ ತೀರ್ಮಾನ ಅಂತ ಹೊಳೆಯುತ್ತದೆ.

ಉಪಯೋಗ ಇದೆಯಾ ಅಂತ ಕೇಳಿದ್ದೀರಿ. ಇಡೀ ಪ್ರೋಗ್ರಾಂ ಅಸೆಂಬ್ಲಿಯಲ್ಲಿ ಬರೆಯುವ ಕೆಲಸ ಕಡಿಮೆ. ಓದುವ ಕೆಲಸ ಜಾಸ್ತಿ. ಫರ್ಮ್‌ವೇರ್, ಕಂಪೈಲರ್, ಸೆಕ್ಯೂರಿಟಿ, ನಿಧಾನವಾದ ಕೋಡ್ ಚುರುಕು ಮಾಡುವುದು, ಇಲ್ಲೆಲ್ಲ ಬೇಕೇ ಬೇಕು. ಈಗ ಎಐ ಕೂಡ ಅಸೆಂಬ್ಲಿ ಬರೆದುಕೊಡುತ್ತದೆ. ಅದು ಕೊಟ್ಟದ್ದರಲ್ಲಿ ಜೆಎ ಇರಬೇಕಾದ ಕಡೆ ಜೆಜಿ ಇದ್ದರೆ ಹಿಡಿಯುವವರು ಯಾರು? ಸಿ ಕೋಡ್ ಬರೆದು, ಕಂಪೈಲರ್ ಕೊಡುವ ಅಸೆಂಬ್ಲಿ ಓದುವ ಅಭ್ಯಾಸ ಮಾಡಿಕೊಳ್ಳಿ. 200 ಮತ್ತು 100 ಕೂಡಿಸಿ ಅಂತ ಸಿಯಲ್ಲಿ ಬರೆದು ಆಪ್ಟಿಮೈಸೇಶನ್ ಹಾಕಿ ನೋಡಿ. ಆಡ್ ಎಲ್ಲೂ ಸಿಗುವುದಿಲ್ಲ. ಕಂಪೈಲರ್ ತಾನೇ ಕೂಡಿಸಿ 300 ಅಂತ ಬರೆದಿಟ್ಟಿರುತ್ತದೆ.

ಕನ್ನಡ ಶಾಲೆಯಲ್ಲಿ ಓದಿದೆ ಅಂತ ನೀವು ಬರೆದ ಧಾಟಿಯಲ್ಲಿ ಸ್ವಲ್ಪ ಅಂಜಿಕೆ ಕಂಡಿತು. ನಾನೂ ಕನ್ನಡದಲ್ಲೇ ಓದಿದವನು. ಕಾಲೇಜಿನಲ್ಲಿ 8085 ಪ್ರೊಸೆಸರ್ ಕಿಟ್‌ನ ಹೆಕ್ಸ್ ಕೀಪ್ಯಾಡ್‌ನಲ್ಲಿ ಒಂದೊಂದೇ ಬೈಟ್ ಒತ್ತುತ್ತಿದ್ದೆವು. ಕರೆಂಟ್ ಹೋದರೆ ಮೊದಲಿನಿಂದ. ಆ ಕೀಪ್ಯಾಡ್‌ನಲ್ಲಿ ಯಾವ ಭಾಷೆಯೂ ಇರಲಿಲ್ಲ. ನಿಮ್ಮ ಈ ಮುಂಬೈಯಲ್ಲೇ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, 1960ರಲ್ಲಿ ಒಂದು ಕಂಪ್ಯೂಟರ್ ಕಟ್ಟಿ ನಡೆಸಿದರು. 1962ರಲ್ಲಿ ನೆಹರೂ ಅದಕ್ಕೆ ಟಿಫ್ರ್ಯಾಕ್ ಅಂತ ಹೆಸರಿಟ್ಟರು. ಅದರ ಮೆಮೊರಿ 40 ಬಿಟ್‌ನ 2048 ಪದ. ಇವತ್ತಿನ ಲೆಕ್ಕದಲ್ಲಿ ಹತ್ತೇ ಕೆಬಿ. ನಿಮ್ಮ ಲ್ಯಾಪ್‌ಟಾಪ್‌ನ ಅತಿ ಚಿಕ್ಕ ಕ್ಯಾಶ್ ಕೂಡ ಅದಕ್ಕಿಂತ ದೊಡ್ಡದು.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಎಎಲ್‌ನಲ್ಲಿ 128 ಹಾಕಿ, 128 ಕೂಡಿಸಿ. ಸ್ಟೆಪ್‌ಐ ಒತ್ತುವ ಮೊದಲು ಎರಡೂ ಕಾರ್ಡ್ ಹಿಡಿದು ಕಾಗದದ ಮೇಲೆ ಉತ್ತರ ಬರೆಯಿರಿ. ಐಎಫ್ ಬಿಟ್ಟು ನಾಲ್ಕು ಫ್ಲ್ಯಾಗ್ ಏಳಬೇಕು. ಯಾವ ನಾಲ್ಕು ಅಂತ ನಾನು ಹೇಳುವುದಿಲ್ಲ.